ಅಪ್ಪನ ಕಸುಬು ಮಗನಿಗೆ ಬಂದರೆ ಬಡತನವೂ ಬರಬೇಕಾ?

ಇಳಕಲ್ ಸೀರೆ ನೇಯುವವರಿಗೆ ಮಜೂರಿ ಸಿಗುವುದು ಸೀರೆ ಲೆಕ್ಕದಲ್ಲಿ. ತಿಂಗಳ ಸಂಬಳ ಅಂತ ಇಲ್ಲ, ದಿನದ ಕೂಲಿ ಅಂತಲೂ ಇಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಹೊಡೆಯುವವನು ಒಬ್ಬನೇ. ಆದರೆ ಆ ಸೀರೆಯ ಹಿಂದೆ ಇಡೀ ಮನೆ ಇರುತ್ತದೆ. ಅಜ್ಜಿ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಶಾಲೆಯಿಂದ ಬಂದ ಹುಡುಗನೂ ಸುತ್ತುತ್ತಾನೆ. ಸೆರಗಿನ ರೇಷ್ಮೆ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಬೇಕು. ಎಳೆಗೆ ಎಳೆ, ಸಾವಿರಾರು ಎಳೆ. ಇಳಕಲ್ ಸೀರೆಗೆ ಹೆಸರು ಬಂದದ್ದೇ ಈ ಕೊಂಡಿಯಿಂದ, ಟೋಪೆ ತೆನೆ ಎಂಬ ವಿನ್ಯಾಸದ ಸೆರಗಿನಿಂದ. ಕೊಂಡಿ ಹಾಕುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಸೀರೆ ಮುಗಿದು ಸಾವುಕಾರನ ಕೈ ಸೇರಿದ ಮೇಲೆ ಬರುವ ಮಜೂರಿ ಮಾತ್ರ ಒಂದೇ. ಅದರಲ್ಲಿ ಹೆಂಡತಿಗೆ ಎಷ್ಟು, ಅಜ್ಜಿಗೆ ಎಷ್ಟು, ಹುಡುಗನಿಗೆ ಎಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಮಕ್ಕಳು ಅಪ್ಪ-ಅಮ್ಮನ ಕಸುಬನ್ನೇ ಹಿಡಿಯುವುದಕ್ಕೂ ಬಡತನಕ್ಕೂ ಏನು ಸಂಬಂಧ ಎಂದು ಕೇಳಿದರೆ ನಾನು ಮೊದಲು ಈ ಮಜೂರಿಯನ್ನು ತೋರಿಸುತ್ತೇನೆ. ಮಗ ಹೈಸ್ಕೂಲು ಮುಗಿಸಿ ಬಾಗಲಕೋಟೆಗೋ ಹುಬ್ಬಳ್ಳಿಗೋ ಓದಲು ಹೊರಟ ಎನ್ನಿ. ಮನೆಗೆ ಅವನ ಹಾಸ್ಟೆಲ್ ಖರ್ಚು ಬೀಳುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಜೊತೆಗೆ ತಿಂಗಳಿಗೆ ನೇಯುವ ಸೀರೆಯೂ ಕಡಿಮೆಯಾಗುತ್ತದೆ. ಅದು ಹೊರಗಿನವರಿಗೆ ಕಾಣುವುದೇ ಇಲ್ಲ. ಅಂದರೆ ಬಡ ನೇಕಾರನ ಮನೆ ಮಗನನ್ನು ಓದಿಸಲು ಎರಡು ಸಲ ದುಡ್ಡು ಕಟ್ಟುತ್ತದೆ. ಸರ್ಕಾರಿ ಶಾಲೆ ಉಚಿತ, ಮತ್ಯಾಕೆ ಬಿಡಿಸಿದರು ಎಂದು ಕೇಳುವವರಿಗೆ ಈ ಎರಡನೇ ಲೆಕ್ಕ ಗೊತ್ತಿರುವುದಿಲ್ಲ.

2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಹೇಳುವ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ನೇಯ್ಗೆಗೆ ಸಂಬಂಧಿಸಿದ ಕೆಲಸ ಮಾಡುವವರು ಸೇರಿ 35 ಲಕ್ಷ ಮಂದಿ ಇದ್ದಾರೆ. ಈ ಮನೆಗಳಲ್ಲಿ ಸುಮಾರು ಮೂರನೇ ಎರಡು ಭಾಗದ ತಿಂಗಳ ಆದಾಯ 5,000 ರೂಪಾಯಿ ದಾಟುವುದಿಲ್ಲ. ಒಬ್ಬ ವ್ಯಕ್ತಿಯದಲ್ಲ, ಇಡೀ ಮನೆಯದು. ಕೈಯಲ್ಲಿ ಅಷ್ಟು ಅಪರೂಪದ ಕಲೆ ಇದ್ದೂ ಇಷ್ಟೇ ಯಾಕೆ? ನೂಲು ಸಾವುಕಾರನದು, ಡಿಸೈನ್ ಅವನದು, ಮಾರುಕಟ್ಟೆ ಅವನದು. ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಮುಂಗಡದ ಬಾಕಿಯೂ ಅವನ ಪುಸ್ತಕದಲ್ಲೇ ಇರುತ್ತದೆ. ಬಾಕಿ ತೀರುವವರೆಗೆ ಬೇರೆಯವರಿಗೆ ನೇಯುವ ಹಾಗಿಲ್ಲ. ಇನ್ನೊಂದು ಕಡೆ ಪವರ್‌ಲೂಮ್ ಇದೆ. ಕೆಲವು ಬಗೆಯ ಬಟ್ಟೆಗಳನ್ನು, ಅದರಲ್ಲಿ ಸೀರೆಯನ್ನೂ, ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲೇ ಬಂದಿದೆ. ಆದರೂ ಇಳಕಲ್ ದಡಿಯ ನಕಲು ಪವರ್‌ಲೂಮಿನಲ್ಲಿ ತಯಾರಾಗಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಂತೆಯಲ್ಲಿ ಸಿಗುತ್ತದೆ. ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಜೂರಿ ಏರುವುದಿಲ್ಲ.

ಹೀಗಾಗಿ ಅಪ್ಪನಿಂದ ಮಗನಿಗೆ ಬರುವುದು ಮಗ್ಗ ಒಂದೇ ಅಲ್ಲ. ಅದರ ಜೊತೆ ಅದೇ ಮಜೂರಿ ಬರುತ್ತದೆ, ಅದೇ ಸಾವುಕಾರ ಬರುತ್ತಾನೆ, ಎಷ್ಟೋ ಸಲ ಅದೇ ಬಾಕಿಯೂ ಬರುತ್ತದೆ.

ಈಗ ಇದಕ್ಕೆ ಎದುರಾಗಿ ಇನ್ನೊಂದು ಮನೆ ನೋಡಿ. ವಕೀಲರ ಮಗಳು ವಕೀಲೆಯಾಗುತ್ತಾಳೆ. ನರ್ಸಿಂಗ್ ಹೋಮ್ ಇಟ್ಟಿರುವ ಡಾಕ್ಟರ ಮಗ ಡಾಕ್ಟರಾಗುತ್ತಾನೆ. ಇದೂ ಅಪ್ಪನ ಕಸುಬೇ ಅಲ್ವಾ? ಇಲ್ಲಿ ಯಾರೂ ಬಡವರಾಗುವುದಿಲ್ಲ. ಸಿದ್ಧವಾದ ಆಫೀಸು ಇದೆ, ಹಳೆಯ ಕಕ್ಷಿದಾರರು ಇದ್ದಾರೆ, ನಂಬಿ ಬರುವ ರೋಗಿಗಳಿದ್ದಾರೆ. ಮೊದಲ ಐದು ವರ್ಷ ಏನೂ ಗಳಿಸದಿದ್ದರೂ ಮನೆ ನಡೆಯುತ್ತದೆ. ಅದೇ ಕಾಲೇಜಿನಿಂದ ಬಂದ ಮೊದಲ ತಲೆಮಾರಿನ ವಕೀಲನಿಗೆ ಆ ಐದು ವರ್ಷ ದಾಟುವುದೇ ದೊಡ್ಡ ಪರೀಕ್ಷೆ. ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಕೆನಡಾದಲ್ಲಿ ಮೈಲ್ಸ್ ಕೊರಾಕ್ ಮತ್ತು ಪತ್ರಿಜಿಯೊ ಪಿರೈನೊ ನಡೆಸಿದ ಅಧ್ಯಯನದ ಪ್ರಕಾರ, ಅಲ್ಲಿನ ಯುವಕರಲ್ಲಿ ಶೇ 40ರಷ್ಟು ಮಂದಿ ಒಮ್ಮೆಯಾದರೂ ತಮ್ಮ ಅಪ್ಪ ದುಡಿದ ಕಂಪನಿಯಲ್ಲೇ ಕೆಲಸ ಮಾಡಿದ್ದಾರೆ. ಅಪ್ಪ ಅತಿ ಶ್ರೀಮಂತ ಶೇ 1ರಲ್ಲಿದ್ದರೆ ಈ ಪ್ರಮಾಣ ಶೇ 70ರ ಹತ್ತಿರ ಹೋಗುತ್ತದೆ.

ಅಪ್ಪನ ದಾರಿ ಹಿಡಿಯುವುದು ಮೇಲಿನವರಲ್ಲೂ ಇದೆ, ಕೆಳಗಿನವರಲ್ಲೂ ಇದೆ. ಮೇಲಿನವರಿಗೆ ಅದು ಆಸ್ತಿಯಾಗಿ ಬರುತ್ತದೆ. ಕೆಳಗಿನವರಿಗೆ ಬೇರೆ ದಾರಿ ಇಲ್ಲದ್ದರಿಂದ ಬರುತ್ತದೆ. ಹಾಗಾಗಿ ಕುಲಕಸುಬು ಬಿಟ್ಟರೆ ಬಡತನ ಹೋಗುತ್ತದೆ ಎನ್ನುವ ಮಾತು ಅರ್ಧ ಮಾತ್ರ ನಿಜ. ಕಸುಬಿನಿಂದ ಎಷ್ಟು ದುಡ್ಡು ಬರುತ್ತದೆ, ಬೇಡ ಎಂದರೆ ಬೇರೆ ಏನು ಸಿಗುತ್ತದೆ, ಈ ಎರಡನ್ನೇ ನಾವು ನೋಡಬೇಕು.

ಅಂಕಿಅಂಶವೂ ಇದನ್ನೇ ತೋರಿಸುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ದೇಶದ ದುಡಿಮೆಯ ಸ್ಥಿತಿ ಕುರಿತು ಒಂದು ವರದಿ ಹೊರತಂದಿತು. ಅದರ ಪ್ರಕಾರ 2004ರಲ್ಲಿ ದಿನಗೂಲಿ ಮಾಡುವ ಅಪ್ಪಂದಿರ ಗಂಡುಮಕ್ಕಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಮಂದಿ ತಾವೂ ದಿನಗೂಲಿಯಲ್ಲೇ ಇದ್ದರು. ಪರಿಶಿಷ್ಟ ಜಾತಿ, ಪಂಗಡದವರಲ್ಲಿ ಶೇ 86, ಉಳಿದವರಲ್ಲಿ ಶೇ 83. ಹೆಚ್ಚೇನೂ ಅಂತರವಿಲ್ಲ. 2018ಕ್ಕೆ ಬನ್ನಿ. ಉಳಿದವರಲ್ಲಿ ಅದು ಶೇ 53ಕ್ಕೆ ಇಳಿದಿದೆ. ಪರಿಶಿಷ್ಟರಲ್ಲಿ ಶೇ 76ರಲ್ಲೇ ನಿಂತಿದೆ. ಈ ಹದಿನಾಲ್ಕು ವರ್ಷ ದೇಶದ ಆರ್ಥಿಕತೆ ಬೆಳೆದ ಕಾಲ. ಸಿಮೆಂಟು, ಮೊಬೈಲು, ಐಟಿ, ಮಾಲ್ ಎಲ್ಲ ಹಬ್ಬಿದ ಕಾಲ. ಬಡವರೆಲ್ಲರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಂತಿದ್ದರು, ಬಾಗಿಲು ತೆರೆದಾಗ ಒಳಗೆ ಹೋದವರು ಬೇರೆ, ಹೊರಗೇ ಉಳಿದವರು ಬೇರೆ. ಬೆಳವಣಿಗೆ ಬಂದರೆ ಜಾತಿಯ ಕಟ್ಟು ತಾನಾಗಿ ಸಡಿಲವಾಗುತ್ತದೆ ಎಂದು ನಂಬಿದವರು ಈ 23 ಅಂಶಗಳ ಅಂತರಕ್ಕೆ ಉತ್ತರ ಹೇಳಬೇಕು.

ತಲೆಮಾರಿನ ಲೆಕ್ಕದಲ್ಲಿ ಹೇಳುವುದಾದರೆ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ಸಂಸ್ಥೆ 2018ರಲ್ಲಿ ಒಂದು ಅಂದಾಜು ಕೊಟ್ಟಿತ್ತು. ತೀರಾ ಬಡ ಕುಟುಂಬವೊಂದು ದೇಶದ ಸರಾಸರಿ ಆದಾಯಕ್ಕೆ ಏರಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು. ಭಾರತದಲ್ಲಿ ಏಳು ಬೇಕು. ಇವತ್ತು ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನ ಮೊಮ್ಮಗನ ಮೊಮ್ಮಗನೂ ಆ ಲೆಕ್ಕದಲ್ಲಿ ಇನ್ನೂ ದಾರಿಯಲ್ಲೇ ಇರುತ್ತಾನೆ.

ಯಾದಗಿರಿಯ ಹೆಸರು ಸುಮ್ನೆ ಹೇಳಿದ್ದಲ್ಲ. ನೀತಿ ಆಯೋಗದ ಮೊದಲ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ, 2015-16ರ ಮಾಹಿತಿಯ ಮೇಲೆ, ಆ ಜಿಲ್ಲೆಯ ಶೇ 40ಕ್ಕೂ ಹೆಚ್ಚು ಜನ ಬಡವರ ಪಟ್ಟಿಯಲ್ಲಿದ್ದರು. ಅಲ್ಲಿಂದ, ರಾಯಚೂರಿನಿಂದ, ಕಲಬುರಗಿಯಿಂದ ಬೆಂಗಳೂರಿಗೆ ಬಂದು ಕಟ್ಟಡ ಕಟ್ಟುವವರ ಅಪ್ಪಂದಿರು ಹೆಚ್ಚಾಗಿ ಹೊಲದ ಕೂಲಿಗಳು. ಸರ್ಕಾರಿ ಲೆಕ್ಕದಲ್ಲಿ ಇವರು ಅಪ್ಪನ ಕಸುಬು ಬಿಟ್ಟವರು: ಕೃಷಿಯಿಂದ ನಿರ್ಮಾಣ ಕ್ಷೇತ್ರಕ್ಕೆ ಹೋದವರು. ನಿಜವಾಗಿ ಬದಲಾಗಿದ್ದು ಏನು? ಕೈಯಲ್ಲಿ ಕುಡುಗೋಲಿನ ಬದಲು ಬಾಂಡ್ಲಿ. ಕೂಲಿ ಸ್ವಲ್ಪ ಜಾಸ್ತಿ ಸಿಗುತ್ತದೆ, ಅದರಲ್ಲಿ ಶೆಡ್ಡಿನ ಬಾಡಿಗೆ, ನೀರಿನ ದುಡ್ಡು, ಊರಿಗೆ ಹೋಗಿ ಬರುವ ಖರ್ಚು ಕಳೆಯಬೇಕು. ಮೇಸ್ತ್ರಿಯ ಮುಂಗಡ ಇಲ್ಲೂ ಇದೆ. ಮಕ್ಕಳು ಸೈಟಿನಿಂದ ಸೈಟಿಗೆ ಅಲೆಯುವಾಗ ಶಾಲೆ ತಪ್ಪುತ್ತದೆ. ಹದಿನೈದು ಹದಿನಾರಕ್ಕೆ ಅವರೂ ಸೆಂಟ್ರಿಂಗ್ ಕೆಲಸಕ್ಕೆ ಹತ್ತುತ್ತಾರೆ. ಕಸುಬು ಬದಲಾಯಿತು, ಬಡತನ ಬದಲಾಗಲಿಲ್ಲ.

ರೈತನ ಮನೆಯಲ್ಲಿ ಇದು ಇನ್ನೊಂದು ರೀತಿ ನಡೆಯುತ್ತದೆ. ಭೂಮಿ ಮಕ್ಕಳಿಗೆ ಬರುತ್ತದೆ, ಆದರೆ ತುಂಡಾಗಿ ಬರುತ್ತದೆ. ದೇಶದಲ್ಲಿ 1970-71ರಲ್ಲಿ ಒಂದು ಹಿಡುವಳಿಯ ಸರಾಸರಿ 2.28 ಹೆಕ್ಟೇರ್ ಇತ್ತು. 2015-16ಕ್ಕೆ ಅದು 1.08. ಅಪ್ಪ ಮಾಡಿದ ಅದೇ ಬೇಸಾಯವನ್ನು ಮಗ ಅರ್ಧ ನೆಲದಲ್ಲಿ ಮಾಡಬೇಕು. 2018-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ ಮತ್ತು ಸಂಬಳದಿಂದ ಬಂದದ್ದು 4,063. ರೈತ ಎಂದು ನಾವು ಕರೆಯುವ ಮನೆ ಬೆಳೆಗಿಂತ ಹೊರಗಿನ ದುಡಿಮೆಯಿಂದಲೇ ಜಾಸ್ತಿ ಗಳಿಸುತ್ತಿದೆ. ಹುಡುಗರಿಗೆ ಬೇಸಾಯ ಬೇಡವಾಗಿದೆ ಎಂದು ಅವರ ಮೇಲೆ ತಪ್ಪು ಹೊರಿಸುವ ಮಾತು ಪಂಚಾಯ್ತಿ ಕಟ್ಟೆಯಿಂದ ಟಿವಿಯವರೆಗೆ ಕೇಳುತ್ತದೆ. ಈ ಎರಡು ಸಂಖ್ಯೆ ನೋಡಿದ ಮೇಲೆ ಆ ಮಾತು ಆಡಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಬಿಡುವುದು ಅಷ್ಟು ಸುಲಭವೂ ಅಲ್ಲ, ಅದಕ್ಕೆ ಜಾತಿಯ ಬಂಧವೂ ಒಂದು ಕಾರಣ. ಅರ್ಥಶಾಸ್ತ್ರಜ್ಞರಾದ ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್ಸ್‌ವೈಗ್ ಮುಂಬೈನ ದಾದರ್‌ನಲ್ಲಿ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುವ ಜಾತಿಗಳ ಗಂಡುಮಕ್ಕಳಿಗೆ ಅಣ್ಣ, ಮಾವ, ಚಿಕ್ಕಪ್ಪ ಕೆಲಸ ಕೊಡಿಸುತ್ತಿದ್ದರು. ಅದಕ್ಕೇ ಅವರು ಮರಾಠಿ ಶಾಲೆಗೆ ಹೋಗಿ ಅದೇ ಕೆಲಸಕ್ಕೆ ಸೇರುತ್ತಿದ್ದರು. ಹೆಣ್ಣುಮಕ್ಕಳಿಗೆ ಅಂಥ ವಶೀಲಿಯೂ ಇರಲಿಲ್ಲ, ಕಟ್ಟೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಆಫೀಸು ಕೆಲಸಗಳು ಹೆಚ್ಚಾದಾಗ ಅವರು ಇಂಗ್ಲಿಷ್ ಶಾಲೆ ಸೇರಿದರು, ಅಣ್ಣತಮ್ಮಂದಿರಿಗಿಂತ ಮುಂದೆ ಹೋದರು. ನಮ್ಮವರು ಎನ್ನುವ ಬಂಧ ಕಷ್ಟದಲ್ಲಿ ಹೊಟ್ಟೆಗೆ ಹಾಕುತ್ತದೆ, ಅದನ್ನು ಹಗುರವಾಗಿ ನೋಡಬಾರದು. ಅದೇ ಬಂಧ ಹುಡುಗನನ್ನು ಹಳೆಯ ಜಾಗದಲ್ಲೇ ಕೂರಿಸುತ್ತದೆ. ಬಿಟ್ಟು ಹೋದರೆ, ಸೋತರೆ, ವಾಪಸ್ ಬಂದಾಗ ಹಿಡಿದುಕೊಳ್ಳುವವರು ಯಾರು ಎಂಬ ಭಯ ಬಡವರಿಗೆ ಜಾಸ್ತಿ.

ಕೆಲವು ಕಸುಬುಗಳಲ್ಲಿ ಬಿಡುವ ಮಾತನ್ನು ಆಡಲೂ ಬಿಟ್ಟಿರಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒಣ ಪಾಯಿಖಾನೆ ಬಳಿಯುವ ಕೆಲಸ ಕೆಲವೇ ಮನೆಗಳಿಗೆ ಅಂಟಿಕೊಂಡಿತ್ತು. ಅಂಥ ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಓದಿಕೊಂಡು ಉದ್ಯೋಗ ವಿನಿಮಯ ಕಚೇರಿಗೆ ಹೋದಾಗಲೂ ಅಲ್ಲಿನವರು ಅವರ ಅರ್ಜಿಯಲ್ಲಿ ಅದೇ ಕೆಲಸವನ್ನು ಬರೆದಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವುದನ್ನು ನಿಷೇಧಿಸುವ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೂ ಗಟ್ಟಿಯಾಗಿ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರ ಸುದ್ದಿ ನಿಂತಿಲ್ಲ. ಅವರ ಜಾತಿ ಯಾವುದು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಜಾತಿ ಬರೀ ಕೆಲಸವನ್ನಲ್ಲ, ಕೆಲಸ ಮಾಡುವವರನ್ನೇ ಹಂಚಿಬಿಟ್ಟಿದೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಅದರ ಆರ್ಥಿಕ ಪರಿಣಾಮವನ್ನೂ ಅವರು ಬಿಡಿಸಿ ಹೇಳಿದ್ದರು: ಒಂದು ಕಸುಬು ಬಿದ್ದುಹೋದಾಗ ಅದರವರು ಇನ್ನೊಂದಕ್ಕೆ ಹೋಗಲು ಬಿಡದಿದ್ದರೆ ನಿರುದ್ಯೋಗ ಹುಟ್ಟುತ್ತದೆ. ಇವತ್ತಿನ ಕಮ್ಮಾರ, ಕುಂಬಾರ, ಮೇದಾರರ ಕೇರಿಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬಿದಿರಿನ ಮೊರ ಕೇಳುವವರಿಲ್ಲ, ಆದರೂ ಮೇದಾರ ಹುಡುಗನಿಗೆ ಬೇರೆ ಕೆಲಸಕ್ಕೆ ಬೇಕಾದ ಓದೂ ಇಲ್ಲ, ಬಂಡವಾಳವೂ ಇಲ್ಲ.

ಅದೇ ಕಸುಬಿನಲ್ಲಿದ್ದೂ ಮನೆಯ ಸ್ಥಿತಿ ಬದಲಾಗಬಹುದಾ? ಬದಲಾಗಬಹುದು. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ದುಡಿದವರು. ಹಾಜರಾತಿಯಲ್ಲಿ ಮೋಸ, ಪಿಎಫ್ ಕಟ್ಟದಿರುವುದು, ತಿಂಗಳುಗಟ್ಟಲೆ ಸಂಬಳವಿಲ್ಲ, ಎಲ್ಲ ಅನುಭವಿಸಿದರು. ಹೋರಾಟದ ಮೇಲೆ ಹೋರಾಟ ಮಾಡಿ, 2022ರಲ್ಲಿ ರಾಜ್ಯದ ಉದ್ದಕ್ಕೂ ಮುಷ್ಕರ ಹೂಡಿ, ಕಾಯಂ ಮಾಡುವ ಭರವಸೆ ಪಡೆದರು. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಕೈಗೆ ಬಂತು. ಸಂಬಳ ಸುಮಾರು ದುಪ್ಪಟ್ಟಾಯಿತು. ಪೊರಕೆ ಅದೇ, ರಸ್ತೆ ಅದೇ. ಆದರೆ ಈಗ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆ, ಮಗಳನ್ನು ಪಿಯುಸಿ ನಂತರವೂ ಓದಿಸಬಹುದು. ಮಗ ಪೊರಕೆ ಹಿಡಿಯದಂತೆ ಮಾಡುವ ಶಕ್ತಿ ಅಮ್ಮನ ಸಂಬಳಕ್ಕೆ ಬಂತು. ಅಪ್ಪ-ಅಮ್ಮನ ಇವತ್ತಿನ ಆದಾಯವೇ ಮಕ್ಕಳ ನಾಳಿನ ಆಯ್ಕೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕರಾವಳಿಯಲ್ಲಿ ಇಂಥದೇ ಬದಲಾವಣೆ ಬೇರೆ ದಾರಿಯಲ್ಲಿ ಆಯಿತು. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಲ್ಲಿ ಅಮ್ಮ ಬೀಡಿ ಕಟ್ಟಿದಳು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಮಕ್ಕಳೂ ಸಂಜೆ ಎಲೆ ಕತ್ತರಿಸಿ, ನೂಲು ಸುತ್ತಿ ಕೈಜೋಡಿಸಿದರು. ಆದರೆ ಆ ಮಕ್ಕಳು ಬೀಡಿಯಲ್ಲೇ ನಿಲ್ಲಲಿಲ್ಲ. ಟೀಚರ್, ನರ್ಸ್, ಬ್ಯಾಂಕ್ ಗುಮಾಸ್ತರಾದವರು ಸಾಕಷ್ಟು. ಯಾಕೆ ಸಾಧ್ಯವಾಯಿತು? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು. ಧಣಿಗೆ ಕೊಡಬೇಕಿದ್ದ ಗೇಣಿ ಮನೆಯಲ್ಲೇ ಉಳಿಯಿತು. ಹತ್ತಿರದಲ್ಲೇ ಶಾಲೆ ಇತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ನಾಲ್ಕು ಬ್ಯಾಂಕುಗಳು ಹುಟ್ಟಿದ ನೆಲ ಅದು, ನೌಕರಿಯ ಸುದ್ದಿ ಮನೆ ಬಾಗಿಲಿಗೆ ಬರುತ್ತಿತ್ತು. ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಅಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ದುಡಿದು ರಾತ್ರಿ ಮೆಟ್ರಿಕ್ ಓದಿ ಮೇಲೆ ಬಂದವರ ದೊಡ್ಡ ಪಟ್ಟಿಯೇ ಇದೆ. ಯಾದಗಿರಿಯ ಹುಡುಗನಿಗೆ ಬೆಂಗಳೂರಿನ ಶೆಡ್ಡಿನ ಪಕ್ಕ ಅಂಥ ಒಂದು ಶಾಲೆ ಇದೆಯಾ?

ಸರ್ಕಾರದ ಯೋಜನೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು ಎನ್ನುವುದು ನನ್ನ ವಾದ. ಹಳೆಯ ಪಾಠ ಪಕ್ಕದ ರಾಜ್ಯದಲ್ಲೇ ಇದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ, ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಪಾಠ ಕಲಿಯಲಿ, ಉಳಿದರ್ಧ ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಕುಲ ಕಲ್ವಿ, ಅಂದರೆ ಕುಲದ ಶಿಕ್ಷಣ, ಎಂದು ಕರೆದು ಪೆರಿಯಾರ್ ಮತ್ತಿತರರು ಅದನ್ನು ವಿರೋಧಿಸಿದರು. ಮರುವರ್ಷ ರಾಜಾಜಿ ಹುದ್ದೆ ಬಿಟ್ಟರು, ನಂತರ ಬಂದ ಕಾಮರಾಜ್ ಯೋಜನೆಯನ್ನೇ ಕೈಬಿಟ್ಟರು. ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಆರಂಭಿಸಿದಾಗ ತಮಿಳುನಾಡು ತಕರಾರು ತೆಗೆದದ್ದು ಅದಕ್ಕೇ. 18 ಕಸುಬುಗಳವರಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಕುಟುಂಬದ ಸಾಂಪ್ರದಾಯಿಕ ಕಸುಬು ಎಂಬ ಷರತ್ತು ತೆಗೆಯಿರಿ, ಕನಿಷ್ಠ ವಯಸ್ಸನ್ನು 18ರಿಂದ 35ಕ್ಕೆ ಏರಿಸಿ ಎಂದು ಆ ರಾಜ್ಯ ಕೇಳಿತು. ಒಪ್ಪಿಗೆ ಸಿಗಲಿಲ್ಲ, ತನ್ನದೇ ಯೋಜನೆ ಮಾಡಿಕೊಂಡಿತು.

ನನಗೆ ತಮಿಳುನಾಡಿನ ತಕರಾರು ಸರಿ ಎನಿಸುತ್ತದೆ. ಕೇಂದ್ರದ ಸಾಲ ಬೇಡ ಎಂದಲ್ಲ. ನಲವತ್ತೈದು ವರ್ಷದ ಕುಂಬಾರನಿಗೆ ಕಡಿಮೆ ಬಡ್ಡಿಯ ಸಾಲ ಸಿಗುವುದು ತುಂಬಾ ಒಳ್ಳೆಯದು, ಬಡ್ಡಿ ಸಾವುಕಾರನಿಂದ ಅವನು ಬಿಡಿಸಿಕೊಳ್ಳುತ್ತಾನೆ. ಆದರೆ ಹದಿನೆಂಟು ತುಂಬಿದ ಹುಡುಗನ ಮುಂದೆ ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಅಪ್ಪನ ಕಸುಬಿಗೆ ಕೂಡಲೇ ಸಿಗುವ ಸಾಲ ಇಟ್ಟರೆ, ಮನೆಯ ಕಷ್ಟ ಅವನನ್ನು ಯಾವ ಕಡೆ ತಳ್ಳುತ್ತದೆ ಎಂದು ಊಹಿಸಬಹುದು. ಬೇರೆ ಜಾತಿಯ ಹುಡುಗಿಗೆ ಆಸೆಯಿಂದ ಬಡಗಿ ಕೆಲಸ ಕಲಿಯಬೇಕು ಎನಿಸಿದರೆ ಅವಳಿಗೂ ಅಷ್ಟೇ ಸುಲಭವಾಗಿ ಸಾಲ ಸಿಗಬೇಕು. ಕಸುಬಿಗೆ ಗೌರವ ಬರುವುದು ಯಾರು ಬೇಕಾದರೂ ಅದನ್ನು ಕಲಿಯಬಹುದು ಎಂದಾದಾಗ.

2016ರ ಬಾಲಕಾರ್ಮಿಕ ಕಾಯ್ದೆಯ ತಿದ್ದುಪಡಿಯಲ್ಲೂ ಇದೇ ತೊಂದರೆ ಇದೆ. ಹದಿನಾಲ್ಕರ ಕೆಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದು ಅದು ಹೇಳುತ್ತದೆ. ಪಕ್ಕದಲ್ಲೇ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕುಟುಂಬದ ಕೆಲಸಕ್ಕೆ ನೆರವಾಗಬಹುದು ಎಂಬ ವಿನಾಯಿತಿಯೂ ಇದೆ. ಅಂಗಡಿ ಇಟ್ಟವರ ಮಗ ರಜೆಯಲ್ಲಿ ಗಲ್ಲಾದಲ್ಲಿ ಕೂತರೆ ವ್ಯಾಪಾರ ಕಲಿಯುತ್ತಾನೆ. ಮಜೂರಿಗೆ ನೇಯುವವರ ಮನೆಯ ಕೆಲಸ ಹೆಸರಿಗೆ ಮಾತ್ರ ಕುಟುಂಬದ್ದು, ಲಾಭ ಸಾವುಕಾರನದು. ಅಲ್ಲಿ ರಾತ್ರಿ ಒಂಬತ್ತರವರೆಗೆ ಕಂಡಿಕೆ ಸುತ್ತಿದ ಹುಡುಗ ಬೆಳಿಗ್ಗೆ ಗಣಿತದ ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಕಾನೂನಿಗೆ ಇಬ್ಬರೂ ಒಂದೇ.

ಇದಕ್ಕೆ ಹೋಲಿಸಿದರೆ ನಮ್ಮ ರಾಜ್ಯದ ವಿದ್ಯಾನಿಧಿ ವಿದ್ಯಾರ್ಥಿವೇತನದ ದಿಕ್ಕು ಚೆನ್ನಾಗಿದೆ. 2021ರಲ್ಲಿ ರೈತರ ಮಕ್ಕಳಿಗೆ ಶುರುವಾಗಿ, ಆಮೇಲೆ ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಆಟೋ ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿತು. ಅದೂ ಅಪ್ಪನ ಕಸುಬು ನೋಡಿಯೇ ದುಡ್ಡು ಕೊಡುತ್ತದೆ, ಆದರೆ ಮಗುವಿನ ಓದಿಗೆ ಕೊಡುತ್ತದೆ. ಯೋಜನೆ ಶುರುವಾದಾಗ ಮೊತ್ತ ವರ್ಷಕ್ಕೆ ಹೆಚ್ಚೆಂದರೆ 11,000 ರೂಪಾಯಿ ಇತ್ತು. ಮೊದಲು ಹೇಳಿದ ಎರಡನೇ ಲೆಕ್ಕ, ಅಂದರೆ ಮಗು ಮಗ್ಗ ಬಿಟ್ಟಾಗ ಮನೆ ಕಳೆದುಕೊಳ್ಳುವ ಗಳಿಕೆ, ಅದಕ್ಕೆ ಈ ಮೊತ್ತ ಸಾಲುವುದಿಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ ಮತ್ತು ಪಿಯುಸಿಯಲ್ಲಿ ಮೊತ್ತ ಹೆಚ್ಚಿಸಿ ತಿಂಗಳು ತಿಂಗಳು ಅಮ್ಮನ ಖಾತೆಗೆ ಹಾಕಿದರೆ ಶಾಲೆ ಬಿಡುವ ವಯಸ್ಸಿನಲ್ಲೇ ಅದು ಕೈಗೆ ಬರುತ್ತದೆ. ಹಿಂದುಳಿದ ವರ್ಗಗಳ ಹಾಸ್ಟೆಲುಗಳಲ್ಲಿ ಸೀಟು ಹೆಚ್ಚಿಸುವುದೂ ಅಷ್ಟೇ ಮುಖ್ಯ. ಈ ರಾಜ್ಯದಲ್ಲಿ ಕುಲಕಸುಬಿನಿಂದ ಹೊರಬಂದ ಯಾರನ್ನೇ ಕೇಳಿ, ಮಾತಿನ ನಡುವೆ ಒಂದು ಹಾಸ್ಟೆಲ್ ಬರುತ್ತದೆ.

ಇನ್ನು ಮಾಹಿತಿ. ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ಮನೆ ಮನೆಗೆ ಹೋಗಿ 60 ಪ್ರಶ್ನೆಗಳ ಸಮೀಕ್ಷೆ ನಡೆಸಿತು. ನಿಮ್ಮ ಕುಲಕಸುಬು ಏನು, ಅದು ಈಗಲೂ ಮುಂದುವರಿದಿದೆಯೇ ಎಂದೂ ಅದರಲ್ಲಿ ಕೇಳಲಾಗಿದೆ. ಆದಾಯ, ಓದು, ಸಾಲದ ಪ್ರಶ್ನೆಗಳೂ ಇವೆ. ಚರ್ಚೆಯೆಲ್ಲ ಯಾವ ಜಾತಿಯ ಸಂಖ್ಯೆ ಎಷ್ಟು ಎಂಬುದರ ಸುತ್ತಲೇ ಸುತ್ತುತ್ತಿದೆ. ಕುಲಕಸುಬು ಬಿಟ್ಟವರ ಆದಾಯ ಎಷ್ಟು, ಮುಂದುವರಿಸಿದವರದು ಎಷ್ಟು, ಬಿಟ್ಟವರು ಯಾವ ಕೆಲಸಕ್ಕೆ ಹೋದರು ಎಂಬುದನ್ನು ಹೆಸರುಗಳಿಲ್ಲದೆ ತಾಲ್ಲೂಕುವಾರು ಪ್ರಕಟಿಸಬೇಕು. ಹಾಗೆ ಮಾಡಿದರೆ ಹುನಗುಂದ, ಇಳಕಲ್ ಕಡೆಯ ನೇಕಾರರಿಗೆ ಮಜೂರಿ ಏರಿಸುವುದು ಮೊದಲಾ, ಯಾದಗಿರಿಗೆ ಹಾಸ್ಟೆಲ್ ಮೊದಲಾ ಎಂದು ಬಜೆಟ್ ಬರೆಯುವವರಿಗೂ ಪ್ರಶ್ನೆ ಕೇಳುವವರಿಗೂ ಗೊತ್ತಾಗುತ್ತದೆ.